ಎರಡನೆಯ ಬಸಿರಿಗೆ ಸೀಮಂತವಿಲ್ಲ

ಚೊಚ್ಚಲು ಬಸಿರೆಂದರೆ ಹಾಸನ ಜಿಲ್ಲೆಯ ಯಾವ ಹಳ್ಳಿಯಲ್ಲಾದರೂ ಮನೆಮಂದಿಗೆಲ್ಲ ಸಡಗರ. ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ, ಹೂ ಮುಡಿಸುವ ಶಾಸ್ತ್ರ, ತವರಿನಿಂದ ಬರುವ ತಿಂಡಿಯ ಬುಟ್ಟಿಗಳು; ಆಮೇಲೆ ಹೆರಿಗೆಗೂ ಬಾಣಂತನಕ್ಕೂ ತವರಿಗೆ ಪಯಣ. ಎರಡನೆಯ ಸಲ ಇದರಲ್ಲಿ ಬಹುಪಾಲು ಇರುವುದಿಲ್ಲ. ‘ಒಂದು ಹೆತ್ತವಳಲ್ಲವೇ, ಅವಳಿಗೇ ಗೊತ್ತು’ ಎಂಬ ಮಾತೊಂದು ಇರುತ್ತದೆ. ಓಕರಿಕೆ, ಎದೆಯುರಿ, ಸೊಂಟನೋವು, ಕಾಲುಬಾವು ಮಾತ್ರ ಎರಡನೆಯ ಸಲವೆಂದು ರಿಯಾಯಿತಿ ತೋರಿಸುವುದಿಲ್ಲ. ಮೇಲಾಗಿ, ಈ ಸಲ ಕಂಕುಳಲ್ಲಿ ಇನ್ನೊಂದು ಕೂಸಿದೆ.

ಇದು ಬರೀ ರೂಢಿಯಿಂದ ಬಂದದ್ದಲ್ಲ, ಇದರ ಹಿಂದೆ ಶಾಸ್ತ್ರದ ತೀರ್ಮಾನವೂ ಇದೆ. ಗೃಹ್ಯಸೂತ್ರಗಳು ವಿಧಿಸುವ ಸೀಮಂತೋನ್ನಯನ ಪ್ರತಿ ಬಸಿರಿಗೂ ಆಗಬೇಕೋ, ಒಂದೇ ಸಲ ಸಾಕೋ ಎಂದು ಧರ್ಮಶಾಸ್ತ್ರಕಾರರು ಚರ್ಚಿಸಿದ್ದಾರೆ. ಸಂಸ್ಕಾರ ಆಗುವುದು ಗರ್ಭದೊಳಗಿನ ಮಗುವಿಗೆ ಎಂದವರು ಪ್ರತಿ ಸಲವೂ ಬೇಕು ಎಂದರು. ಹೆಣ್ಣೆಂಬ ಕ್ಷೇತ್ರಕ್ಕೆ ಎಂದವರು ಒಮ್ಮೆ ಸಾಕು ಎಂದರು. ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಎರಡನೆಯ ಪಕ್ಷ ಹಿಡಿದ.  ಕ್ಷೇತ್ರ ಒಮ್ಮೆ ಶುದ್ಧವಾದರೆ ಮುಗಿಯಿತು ಎಂಬ ತರ್ಕದಲ್ಲಿ ಶಾಸ್ತ್ರದ ಮಟ್ಟಿಗೆ ದೋಷವಿಲ್ಲದಿರಬಹುದು. ಆದರೆ ಸೀಮಂತದ ನೆಪದಲ್ಲಿ ಒಂದು ದಿನವಾದರೂ ಹತ್ತು ಮಂದಿ ಸೇರಿ ಬಸಿರಿಯನ್ನು ಕೂರಿಸಿ ಉಪಚರಿಸುತ್ತಿದ್ದರಲ್ಲ, ಅದೂ ಅದರ ಜೊತೆಗೇ ಹೋಯಿತು.

ಆ ಉಪಚಾರದ ಕೊರತೆ ಎದ್ದು ಕಾಣುವುದು ಅರೇಹಳ್ಳಿಯಂಥ ಕಡೆ. ಅದು ಬೇಲೂರು ತಾಲ್ಲೂಕಿನ ಕಾಫಿ ಸೀಮೆಯ ಹೋಬಳಿ. ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಓಕ್ ನೆರಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಲ್ಲಲ್ಲಿ ತೋಟದಾಳುಗಳ ಲೈನ್ ಮನೆಗಳ ಸಾಲು. ಉತ್ತರ ಕರ್ನಾಟಕದಿಂದಲೂ ಅಸ್ಸಾಮಿನಂಥ ದೂರದ ರಾಜ್ಯಗಳಿಂದಲೂ ಕಾಫಿ ತೋಟಗಳಿಗೆ ಕೆಲಸಕ್ಕೆ ಬಂದ ಕುಟುಂಬಗಳಿವೆ. ಅತ್ತೆ, ಅಜ್ಜಿ, ನಾದಿನಿ ಎಲ್ಲರೂ ಊರಲ್ಲೇ ಉಳಿದಿರುತ್ತಾರೆ. ಸ್ಥಳೀಯರ ಮನೆಯಲ್ಲೂ ಗಂಡ ಬೆಂಗಳೂರಿನಲ್ಲಿ ದುಡಿಯುತ್ತಿದ್ದರೆ ಕಥೆ ಅದೇ. ಅಂಥ ಒಂಟಿ ಮನೆಯ ಬೆಳಗು ಹೀಗಿರುತ್ತದೆ: ಒಲೆಯ ಮೇಲೆ ಅನ್ನ ಕುದಿಯುವ ವಾಸನೆಗೇ ಹೊಟ್ಟೆ ತೊಳಸಿ ಆಕೆ ಬಚ್ಚಲಿಗೆ ಓಡುತ್ತಾಳೆ, ಎರಡು ವರ್ಷದ ಮಗು ಸೆರಗು ಹಿಡಿದು ಹಿಂದೆಯೇ ಬರುತ್ತದೆ, ಅವಳು ಬಗ್ಗಿ ವಾಂತಿ ಮಾಡುವಾಗ ಬೆನ್ನೇರಲು ನೋಡುತ್ತದೆ, ಬಾಯಿ ತೊಳೆದು ಏಳುವಷ್ಟರಲ್ಲಿ ‘ಎತ್ಕೋ’ ಎಂದು ಕೈ ಚಾಚುತ್ತದೆ. ಹೊರಗೆ ಆಡಲು ಬಿಡುವಂತೆಯೂ ಇಲ್ಲ. ಅರೇಹಳ್ಳಿ, ಬಿಕ್ಕೋಡು ಕಡೆ ಕಾಡಾನೆಗಳ ಓಡಾಟ ಎಲ್ಲರಿಗೂ ಗೊತ್ತಿರುವಂಥದ್ದು.

ಇಂಥವಳಿಗೆ ಊರು ಸಾಮಾನ್ಯವಾಗಿ ಕೊಡುವ ಸಮಾಧಾನ ಒಂದೇ: ಸಹಿಸಿಕೋ, ತಾಯ್ತನ ಅಂದರೆ ತಪಸ್ಸು. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೂ ಈ ಮಾತನ್ನು ಪರೀಕ್ಷಿಸಬೇಕು. ನೋವು ತಾನೇ ತಾನಾಗಿ ತಪಸ್ಸಾಗುತ್ತದೆಯೇ?

ಭಗವದ್ಗೀತೆಯ 17ನೆಯ ಅಧ್ಯಾಯ ತಪಸ್ಸನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮೂಢ ಹಟದಿಂದ ತನ್ನನ್ನು ತಾನೇ ಹಿಂಸಿಸಿಕೊಳ್ಳುವುದು ಅಲ್ಲಿ ತಾಮಸ ಎನಿಸಿಕೊಳ್ಳುತ್ತದೆ, ಎಲ್ಲಕ್ಕಿಂತ ಕೆಳಗಿನದು. ತಪಸ್ಸಿಗೆ ಶ್ರದ್ಧೆ ಬೇಕು, ಸಂಕಲ್ಪ ಬೇಕು. ವಾಂತಿಯನ್ನು ಯಾರೂ ಸಂಕಲ್ಪ ಮಾಡಿ ತಂದುಕೊಳ್ಳುವುದಿಲ್ಲ. ಬಸಿರಾಗಿದ್ದು ಒಂಟಿಯಾಗಿ ಮಗುವನ್ನು ನೋಡಿಕೊಳ್ಳುವ ಪರಿಸ್ಥಿತಿಯನ್ನು ಹೆಚ್ಚಿನವರು ಆರಿಸಿಕೊಂಡೂ ಇರುವುದಿಲ್ಲ, ಅದು ಅವರ ಮೇಲೆ ಬಂದು ಬಿದ್ದಿರುತ್ತದೆ. ಬಂದುಬಿದ್ದ ಹೊರೆಗೆ ತಪಸ್ಸೆಂದು ಹೆಸರಿಟ್ಟರೆ ಅನುಕೂಲವಾಗುವುದು ಹೊರೆ ಹಂಚಿಕೊಳ್ಳಬೇಕಾದವರಿಗೆ, ಹೊತ್ತವಳಿಗಲ್ಲ.

ವಿಜ್ಞಾನವೂ ಇಲ್ಲಿ ಒಂದು ಮಾತು ಹೇಳಬಲ್ಲದು. ಬಸಿರಿಯರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಓಕರಿಕೆಯೋ ವಾಂತಿಯೋ ಇರುತ್ತದೆ. ಅದು ವಿಪರೀತಕ್ಕೆ ಹೋದರೆ ಮನಸ್ಸಿನ ದೌರ್ಬಲ್ಯ ಎಂದೂ, ಮಗು ಬೇಡವೆನ್ನುವ ಒಳ ಆಸೆಯ ಗುರುತೆಂದೂ ಕಳೆದ ಶತಮಾನದಲ್ಲಿ ವೈದ್ಯರೇ ಬರೆದದ್ದುಂಟು. 2023ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಾರ್ಲೆನಾ ಫೆಜೋ, ಸ್ಟೀಫನ್ ಒರಾಹಿಲಿ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ಆ ಮಾತಿನ ಬುಡವನ್ನೇ ಅಲುಗಿಸಿತು. ಗರ್ಭದ ಕಡೆಯಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನು ಮಿದುಳಿನ ಮೇಲೆ ಕೆಲಸ ಮಾಡಿ ಓಕರಿಕೆ ತರುತ್ತದೆ. ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಅದು ಕಡಿಮೆ ಇತ್ತೋ ಅವರಿಗೆ ಅದರ ಹೊಡೆತ ಹೆಚ್ಚು. ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಉಪದೇಶಕ್ಕೆ ಈ ಹಾರ್ಮೋನು ಬಗ್ಗುವುದಿಲ್ಲ.

ಧರ್ಮಗ್ರಂಥಗಳು ಈ ತಾಯಿಯನ್ನು ನೋಡಿದವೇ? ಅಲ್ಲಿ ಎರಡೂ ಬಗೆಯ ಕಣ್ಣುಗಳಿವೆ. ಭಾಗವತದ ಮೂರನೆಯ ಸ್ಕಂಧದಲ್ಲಿ ಕಪಿಲ ತನ್ನ ತಾಯಿ ದೇವಹೂತಿಗೆ ಗರ್ಭವಾಸದ ಸಂಕಟವನ್ನು ವಿವರವಾಗಿ ಹೇಳುತ್ತಾನೆ. ಆದರೆ ಆ ಸಂಕಟ ಪೂರ್ತಿ ಒಳಗಿರುವ ಜೀವದ್ದು. ತಾಯಿ ತಿನ್ನುವ ಖಾರ, ಹುಳಿ, ಉಪ್ಪು ಅದರ ಎಳೆಯ ಮೈಯನ್ನು ಸುಡುತ್ತವೆ ಎನ್ನುವಲ್ಲಿ ತಾಯಿ ಬರುವುದು ನೋವು ಕೊಡುವವಳಾಗಿ. ನಮ್ಮ ಹರಿದಾಸರ ಪದಗಳಲ್ಲೂ ಗರ್ಭವಾಸವೆಂದರೆ ಬಿಡುಗಡೆ ಬೇಡುವ ಸೆರೆ. ಕೇಳುತ್ತಾ ಕೂತಿರುವ ದೇವಹೂತಿ ಒಂಬತ್ತು ಹೆಣ್ಣುಮಕ್ಕಳನ್ನು ಹೆತ್ತು, ಆಮೇಲೆ ಕಪಿಲನನ್ನು ಹೆತ್ತವಳು. ಅವಳ ಮೈಗೆ ಏನಾಯಿತು ಎಂದು ಆ ಪ್ರಸಂಗದಲ್ಲಿ ಯಾರೂ ಕೇಳುವುದಿಲ್ಲ.

ಎರಡನೆಯ ಬಗೆಯ ಕಣ್ಣು ಜೈನರಲ್ಲಿದೆ. ಹಳೇಬೀಡಿನ ಬಸದಿಗಳು ದಿಗಂಬರ ಪರಂಪರೆಯವು. ಇನ್ನೊಂದು ಕವಲಾದ ಶ್ವೇತಾಂಬರರ ‘ಕಲ್ಪಸೂತ್ರ’ದಲ್ಲಿ ಭಾಗವತದ ಆ ನೋಟಕ್ಕೆ ನೇರ ಎದುರಾದ ಕಥೆಯಿದೆ. ತಾನು ಅಲುಗಾಡಿದರೆ ತಾಯಿ ತ್ರಿಶಲೆಗೆ ನೋವಾದೀತೆಂದು ಮಹಾವೀರ ಗರ್ಭದೊಳಗೇ ನಿಶ್ಚಲನಾಗುತ್ತಾನೆ. ಮಗು ಅಲುಗುತ್ತಿಲ್ಲವೆಂದು ತ್ರಿಶಲೆ ಕಂಗಾಲಾಗಿ ಅಳುತ್ತಾಳೆ. ಅದನ್ನರಿತು ಅವನು ಒಂದಿಷ್ಟು ಮಿಸುಕುತ್ತಾನೆ, ತಂದೆತಾಯಿ ಬದುಕಿರುವವರೆಗೂ ಸನ್ಯಾಸ ತೆಗೆದುಕೊಳ್ಳುವುದಿಲ್ಲವೆಂದು ಅಲ್ಲೇ ನಿಶ್ಚಯಿಸುತ್ತಾನೆ. ಅಹಿಂಸೆಯ ಮೊದಲ ಪಾಠ ಬಸಿರಿಯ ನೋವಿನಿಂದಲೇ ಆರಂಭವಾಗುವ ಈ ಕಥೆ ಬಹಳ ದೊಡ್ಡದು. ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಬಸಿರಿ ಒಂಟಿಯಾದಾಗ ಏನಾಗಬೇಕು ಎಂಬುದನ್ನೂ ಹಳೆಯ ಕಥೆಗಳು ಬಲ್ಲವು. ಉತ್ತರಕಾಂಡದಲ್ಲಿ ಸೀತೆಯ ಬಯಕೆ ಋಷಿಗಳ ಆಶ್ರಮ ನೋಡಬೇಕೆಂಬುದು. ಆ ಬಯಕೆಯನ್ನೇ ನೆಪ ಮಾಡಿ ಅವಳನ್ನು ಕಾಡಿಗೆ ಬಿಡಲಾಗುತ್ತದೆ. ಅರಸೀಕೆರೆಗೆ ನೆರೆಯ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಈ ಪ್ರಸಂಗವನ್ನು ‘ಜೈಮಿನಿ ಭಾರತ’ದಲ್ಲಿ ಹಾಡಿದ ಮೇಲೆ ಕನ್ನಡದ ಮನೆಮನೆಗಳಲ್ಲಿ ಜನ ಅದನ್ನು ಕೇಳಿ ಕಣ್ಣೀರು ಹಾಕಿದ್ದಾರೆ. ವಾಲ್ಮೀಕಿ ಅವಳಿಗೆ ಸಹನೆಯ ಉಪದೇಶ ಮಾಡಿ ಮುಂದೆ ಹೋಗಲಿಲ್ಲ, ಆಶ್ರಮಕ್ಕೆ ಕರೆದೊಯ್ದು ಇರಲು ನೆಲೆ ಕೊಟ್ಟ. ಕುರಾನಿನ ‘ಮರ್ಯಮ್’ ಅಧ್ಯಾಯದಲ್ಲಿ ಮರ್ಯಮ್ ಖರ್ಜೂರದ ಮರದಡಿ ಒಬ್ಬಳೇ ಹೆರಿಗೆನೋವು ತಿನ್ನುತ್ತಾ, ಇದಕ್ಕೆ ಮೊದಲೇ ಸಾಯಬಾರದಿತ್ತೇ ಎನ್ನುತ್ತಾಳೆ. ಆ ಮಾತಿಗಾಗಿ ಅವಳನ್ನು ಯಾರೂ ಗದರಿಸುವುದಿಲ್ಲ. ಕಾಲ ಬಳಿ ನೀರು ಹರಿಯುತ್ತದೆ, ಮರದಿಂದ ಹಣ್ಣು ಉದುರುತ್ತದೆ. ತಿನ್ನು, ಕುಡಿ ಎಂಬ ಧ್ವನಿ ಕೇಳುತ್ತದೆ. ಬಸಿರಿಯರಿಗೂ ಮೊಲೆಯುಣಿಸುವವರಿಗೂ ರಂಜಾನ್ ಉಪವಾಸದಿಂದ ವಿನಾಯಿತಿ ಇರುವುದು ಇದೇ ಕರುಣೆಯ ಮುಂದುವರಿಕೆ. ಲೂಕನ ಸುವಾರ್ತೆಯಲ್ಲಿ ವಯಸ್ಸಾದ ಎಲಿಜಬೆತ್ ಆರು ತಿಂಗಳ ಬಸಿರಿ ಎಂದು ತಿಳಿದ ಮರಿಯ ಬೆಟ್ಟದ ಸೀಮೆಗೆ ಹೊರಟುಹೋಗಿ ಸುಮಾರು ಮೂರು ತಿಂಗಳು ಅವಳ ಮನೆಯಲ್ಲೇ ಇರುತ್ತಾಳೆ. ಕಾಫಿ ಸೀಮೆಯಲ್ಲಿ ಈ ಮೂರೂ ಮತದವರು ಅಕ್ಕಪಕ್ಕದಲ್ಲೇ ಬದುಕುತ್ತಾರೆ. ಮೂವರ ಕಥೆಯಲ್ಲೂ ಬಸಿರಿಗೆ ಸಿಕ್ಕಿದ್ದು ಸೂರು, ನೀರು, ಹಣ್ಣು, ಜೊತೆ.

ನೋವನ್ನೇ ದೇವರ ಇಚ್ಛೆ ಎಂದವರೂ ಇದ್ದರು. ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ, ಹೆರುವ ನೋವು ಹವ್ವಳಿಗೆ ಕೊಟ್ಟ ಶಿಕ್ಷೆ ಎಂಬ ವಾದಕ್ಕೆ ಉತ್ತರವಾಗಿ ಕಿರುಹೊತ್ತಿಗೆಯನ್ನೇ ಬರೆದ. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ಆ ವಾದದ ಸದ್ದು ತಗ್ಗಿತು.

ಈ ವಿಷಯದಲ್ಲಿ ಅತ್ಯಂತ ಹತ್ತಿರದಿಂದ ನೋಡಿದವನು ಚರಕ. ಅವನ ಸಂಹಿತೆಯ ಶಾರೀರಸ್ಥಾನದ ಪ್ರಕಾರ, ಅಂಚಿನವರೆಗೂ ಎಣ್ಣೆ ತುಂಬಿದ ಪಾತ್ರೆಯನ್ನು ತುಳುಕದಂತೆ ಒಯ್ಯುವ ಹಾಗೆ ಬಸಿರಿಯನ್ನು ನೋಡಿಕೊಳ್ಳಬೇಕು. ಈ ವಿಧಿ ಬಸಿರಿಗಲ್ಲ, ಅವಳ ಸುತ್ತಲಿನವರಿಗೆ. ಎಚ್ಚರ ಇರಬೇಕಾದದ್ದು ಹೊರುವವರ ಕೈಯಲ್ಲಿ. ಲೈನ್ ಮನೆಯ ಒಂಟಿ ತಾಯಿಯ ಪಾಲಿಗೆ ಪಾತ್ರೆಯೂ ಅವಳೇ, ಹೊರುವವಳೂ ಅವಳೇ. ಜೊತೆಗೆ ಸೆರಗು ಎಳೆಯುವ ಕೂಸು. ಸೀಮಂತ ಒಮ್ಮೆ ಸಾಕು ಎನ್ನುವ ಶಾಸ್ತ್ರವನ್ನು ಒಪ್ಪಿದರೂ ಚರಕನ ಈ ಕಟ್ಟಳೆಗೆ ಮೊದಲನೆಯ ಬಸಿರು, ಎರಡನೆಯ ಬಸಿರು ಎಂಬ ಭೇದ ಇಲ್ಲ.

‘ನಾವೆಲ್ಲ ಗದ್ದೆಯಲ್ಲಿ ದುಡಿಯುತ್ತಲೇ ಐದಾರು ಹೆತ್ತಿಲ್ಲವೇ?’ ಎನ್ನುವ ಅಜ್ಜಿಯರಿದ್ದಾರೆ. ಹೆತ್ತರು, ನಿಜ. ಅವರ ಕಷ್ಟವನ್ನು ಕಡಿಮೆ ಮಾಡಿ ಹೇಳುವುದು ತಪ್ಪು. ಆದರೆ ಅಂದಿನ ಎಷ್ಟೋ ಮನೆಗಳಲ್ಲಿ ದೊಡ್ಡ ಕೂಸು ಅತ್ತಿಗೆಯ ತೊಡೆಯ ಮೇಲೋ ಅಜ್ಜಿಯ ಮಗ್ಗುಲಲ್ಲೋ ಇರುತ್ತಿತ್ತು. ಹೆರಿಗೆಯಲ್ಲಿ ತೀರಿಹೋದವರಂತೂ ತಮ್ಮ ಕಥೆ ಹೇಳಲು ಉಳಿದಿಲ್ಲ.

ಸರ್ಕಾರದ ಯೋಜನೆಗಳು ಇಂದಿನ ಒಂಟಿ ಮನೆಯನ್ನು ಅರ್ಧ ಮಾತ್ರ ಮುಟ್ಟುತ್ತವೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ‘ಮಾತೃಪೂರ್ಣ’ ಬಸಿರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಒಳ್ಳೆಯ ಯೋಜನೆ. ಮಲೆನಾಡಿನ ಏರಿಳಿತದಲ್ಲಿ, ಓಕರಿಸುವ ಹೊಟ್ಟೆಯಲ್ಲಿ, ಕೂಸನ್ನೆತ್ತಿಕೊಂಡು ಅಲ್ಲಿಗೆ ನಡೆಯುವುದೇ ಕಷ್ಟ. ಕೇಂದ್ರದ ‘ಮಾತೃ ವಂದನಾ’ ಮೊದಲ ಮಗುವಿಗೆ 5,000 ರೂಪಾಯಿ ಕೊಡುತ್ತದೆ. ಎರಡನೆಯದು ಹೆಣ್ಣಾದರೆ ಮಾತ್ರ 6,000. ವಿಜ್ಞಾನೇಶ್ವರನ ‘ಒಮ್ಮೆ ಸಾಕು’ ಇಲ್ಲೂ ನುಸುಳಿದೆ. 1951ರ ತೋಟ ಕಾರ್ಮಿಕರ ಕಾಯ್ದೆ 50 ಹೆಣ್ಣಾಳುಗಳೋ ಅವರ 20 ಮಕ್ಕಳೋ ಇರುವ ತೋಟಕ್ಕೆ ಶಿಶುವಿಹಾರ ಕಡ್ಡಾಯ ಮಾಡಿತ್ತು. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವಾದ್ದರಿಂದ ಅಷ್ಟು ಆಳುಗಳೇ ಅಲ್ಲಿರುವುದಿಲ್ಲ. ಅಂಗನವಾಡಿಯ ಆಟಪಾಠ ಶುರುವಾಗುವುದು ಮೂರು ವರ್ಷದಿಂದ. ಒಂದೂವರೆ, ಎರಡು ವರ್ಷದ ಮಗು ಯಾವುದಕ್ಕೂ ಸೇರದೆ ತಾಯಿಯ ಕಂಕುಳಲ್ಲೇ ಉಳಿಯುತ್ತದೆ. ಈ ಕೊರತೆ ತುಂಬಬಲ್ಲದ್ದು 2023–24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’. ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವುದೇ ಅದರ ಉದ್ದೇಶ.

ಅದು ಊರಿಗೆ ಬರುವವರೆಗೆ ಮನೆಯೊಳಗೆ ಆಕೆ ಮಾಡಬಹುದಾದವು ಕೆಲವಿವೆ. ಏಳುವ ಮೊದಲೇ ಹಾಸಿಗೆಯಲ್ಲಿ ಒಣ ರೊಟ್ಟಿಯ ಚೂರೋ ಮಂಡಕ್ಕಿಯೋ ಬಾಯಿಗೆ ಹಾಕಿಕೊಳ್ಳುವುದು. ಹೊಟ್ಟೆ ಖಾಲಿ ಬಿಡದೆ ಸ್ವಲ್ಪ ಸ್ವಲ್ಪ ತಿನ್ನುವುದು. ಮಗುವನ್ನು ನಿಂತು ಬಗ್ಗಿ ಎತ್ತುವ ಬದಲು ತಾನೇ ಕೂತು ಮಡಿಲಿಗೆ ಹತ್ತಿಸಿಕೊಳ್ಳುವುದು. ಅದು ಮಲಗಿದಾಗ ಪಾತ್ರೆ ತೊಳೆಯುವುದು ಬಿಟ್ಟು ತಾನೂ ಮಲಗುವುದು. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ತಲೆ ಸುತ್ತಿದರೆ ಮಾತ್ರ ಸಹಿಸುವ ಮಾತೇ ಬೇಡ, ಆಸ್ಪತ್ರೆಗೆ ಹೋಗಲೇಬೇಕು. ಬಸಿರಿಯರಿಗೆ ಕೊಡಬಹುದಾದ ವಾಂತಿ ಮಾತ್ರೆಗಳಿವೆ. ವೈದ್ಯರನ್ನು ಕೇಳಿ ಅವನ್ನು ನುಂಗಿದರೆ ತಾಯ್ತನಕ್ಕೆ ಕುಂದಿಲ್ಲ.

ಮಿಕ್ಕದ್ದು ನೆರೆಯವರ ಪಾಲು. ನಿಮ್ಮ ಬೀದಿಯಲ್ಲೋ ಲೈನಿನಲ್ಲೋ ಎರಡನೆಯ ಬಸಿರಿ ಒಬ್ಬಳೇ ಇದ್ದರೆ ಬೆಳಗ್ಗೆ ಅವಳ ಮಗುವನ್ನು ಎರಡು ತಾಸು ನಿಮ್ಮ ಮನೆಗೆ ಕರೆದುಕೊಂಡು ಬನ್ನಿ, ತಿಂಡಿ ತಿನ್ನಿಸಿ. ಅಂಗನವಾಡಿಯ ಊಟವನ್ನು ಅವಳ ಮನೆಗೆ ಮುಟ್ಟಿಸಲು ಆಗುತ್ತದೆಯೇ ಎಂದು ಟೀಚರನ್ನು ಕೇಳಿ. ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮೂರಿನ ಕೂಸಿನ ಮನೆ ಎಲ್ಲಿ ಎಂದು ಕೇಳಿ.