ಉಗುರಿನ ಕಪ್ಪು, ಕರ್ಮದ ಲೆಕ್ಕ

ಚಿನ್ನ ಕದ್ದವನಿಗೆ ಕೆಟ್ಟ ಉಗುರು, ಗುರುಪತ್ನಿಯನ್ನು ಕೂಡಿದವನಿಗೆ ಚರ್ಮರೋಗ. ಮನುಸ್ಮೃತಿಯ 11ನೇ ಅಧ್ಯಾಯ ಪಾಪಗಳನ್ನು ಹೀಗೆ ಮೈಮೇಲೆ ಬರೆದಿಡುತ್ತದೆ. ಆ ಶ್ಲೋಕ ಓದದವರಿಗೂ ಅದರ ತೀರ್ಪು ಗೊತ್ತು. ಕ್ಯಾನ್ಸರಿಗೆ ಡೋಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಹಾಕಿಸಿಕೊಳ್ಳುತ್ತಿರುವ ಹೆಂಗಸಿನ ಉಗುರಿನಲ್ಲಿ ಅಡ್ಡಗೆರೆ ಮೂಡಿ, ಕಪ್ಪಿಟ್ಟು, ತಳ ಬಿಟ್ಟು ಏಳತೊಡಗಿದರೆ ನೋಡಲು ಬಂದವರು ಯಾವ ಜನ್ಮದ ಕರ್ಮವೋ ಎಂದು ನಿಟ್ಟುಸಿರಿಡುತ್ತಾರೆ. ಮರುಕದಿಂದಲೇ ಆಡಿದ ಮಾತಾದರೂ ಒಳಗೊಂದು ಆರೋಪ ಅಡಗಿದೆ. ಕರ್ಮಸಿದ್ಧಾಂತವನ್ನು ಒಪ್ಪಿದವರಿಗೂ ಅದನ್ನು ಹೊರಿಸುವ ಹಕ್ಕಿಲ್ಲ ಎಂಬುದು ನನ್ನ ವಾದ.

ಉಗುರು, ಚರ್ಮ ಹೀಗೇಕಾಗುತ್ತವೆಂಬುದು ನಿಗೂಢವೇನಲ್ಲ. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳ ಮೇಲೆ ಕೀಮೋ ಎರಗುತ್ತದೆ. ಗಡ್ಡೆಯಂತೆ ಕೂದಲ ಬುಡ, ಉಗುರಿನ ಬುಡದಲ್ಲೂ ಅಂಥ ಕೋಶಗಳೇ ಇವೆ. ಕ್ಯಾಪೆಸಿಟಾಬಿನ್ ಎಂಬ ಕೀಮೋ ಮಾತ್ರೆ ನುಂಗುವ ಹಲವರ ಅಂಗೈ ಅಂಗಾಲು ಕೆಂಪಾಗಿ, ಉರಿದು, ಸುಲಿಯುತ್ತವೆ. ಕೆಲವರ ಬೆರಳಚ್ಚೇ ಮಾಸುತ್ತದೆ. ಹೆಬ್ಬೆಟ್ಟು ಒತ್ತಿ ರೇಷನ್ ತರುವ ಮನೆಗಳಿಗೆ ಅದು ಸಣ್ಣ ತೊಂದರೆಯಲ್ಲ. ಡೋಸಿಟ್ಯಾಕ್ಸೆಲ್ ಡ್ರಿಪ್ ಇಳಿಯುವಷ್ಟು ಹೊತ್ತು ಫ್ರೀಜರಿನಲ್ಲಿಟ್ಟು ತೆಗೆದ ಕೈಗವಸು ತೊಟ್ಟರೆ ಉಗುರಿನ ಹಾನಿ ತಗ್ಗುತ್ತದೆ. ತಣ್ಣನೆಯ ಕೈಗವಸಿಗೆ ಹಿಂಜರಿಯುವ ಪಾಪ ಎಂಥದೋ! ಕೀಮೋ ಜೊತೆಗೆ ಕೆಲವರಿಗೆ ಕೊಡುವ ಸೆಟುಕ್ಸಿಮಾಬ್‌ನದು ಇನ್ನೂ ಸ್ವಾರಸ್ಯ. ಕ್ಯಾನ್ಸರ್ ಕೋಶದ ಮೇಲೆ ಅದು ಹಿಡಿಯುವ ಗ್ರಾಹಕ (ರಿಸೆಪ್ಟರ್) ಚರ್ಮದಲ್ಲೂ ಇರುವುದರಿಂದ ಮುಖ, ಎದೆಯ ತುಂಬ ಮೊಡವೆಯಂಥ ಗುಳ್ಳೆ ಏಳುತ್ತವೆ. ಗುಳ್ಳೆ ಹೆಚ್ಚು ಎದ್ದವರೇ ಸರಾಸರಿಯಲ್ಲಿ ಹೆಚ್ಚು ಕಾಲ ಬದುಕಿದ್ದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ನೆಂಟರ ಕಣ್ಣಿಗೆ ಶಿಕ್ಷೆಯಾದದ್ದು ವೈದ್ಯರಿಗೆ ಮದ್ದು ಹಿಡಿಯುತ್ತಿರಬಹುದೆಂಬ ಸುಳಿವು.

ಔಷಧಶಾಸ್ತ್ರ ಹೇಗಾಯಿತೆಂದು ಹೇಳೀತು, ನನಗೇ ಏಕಾಯಿತೆಂಬುದಕ್ಕೆ ಕರ್ಮವೇ ಉತ್ತರ ಎಂಬ ಆಕ್ಷೇಪ ಗಟ್ಟಿಯಾದದ್ದು. ಒಪ್ಪೋಣ. ಆದರೆ ಅಷ್ಟು ಆಳದ ಕಾರಣವನ್ನು ಉಗುರು ನೋಡಿ ಓದಲು ಬಾರದು. ಅದೇ ಔಷಧಿ ಕೊಟ್ಟರೆ ಸಜ್ಜನನ ಉಗುರೂ ಕಪ್ಪಾದೀತು. ಬೌದ್ಧಗ್ರಂಥ ಸಂಯುತ್ತನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ, ಅನುಭವವೆಲ್ಲ ಹಿಂದಿನ ಕರ್ಮದ ಫಲವೆನ್ನುತ್ತಾರಲ್ಲ ಎಂದು ಕೇಳಿದಾಗ ಬುದ್ಧ ಪಿತ್ತ, ಕಫ, ವಾತ, ಋತುವಿನ ಬದಲಾವಣೆ ಮೊದಲಾದ ಎಂಟು ಕಾರಣಗಳನ್ನು ಎಣಿಸುತ್ತಾನೆ. ಕರ್ಮ ಅದರಲ್ಲಿ ಎಂಟನೆಯದು. ಕರ್ಮವನ್ನು ನಂಬಿದವನೇ ಎಲ್ಲವನ್ನೂ ಅದರ ತಲೆಗೆ ಕಟ್ಟಲಿಲ್ಲ.

ಕರ್ಮವೆಂದುಕೊಂಡರೆ ತಾಳಿಕೊಳ್ಳುವ ಶಕ್ತಿ ಬರುತ್ತದೆ ಎನ್ನುವವರಿದ್ದಾರೆ. ರೋಗಿ ತಾನಾಗಿ ಹಾಗೆಂದುಕೊಂಡರೆ ಆ ಸಮಾಧಾನವನ್ನು ಕಿತ್ತುಕೊಳ್ಳುವ ಕೆಲಸ ನಮ್ಮದಲ್ಲ. ಹೊರಗಿನವರು ಅಂದಾಗ ಕೈ ಸೆರಗಿನೊಳಗೆ ಸೇರುತ್ತದೆ. ಮುಂದಿನ ಕೀಮೋ ಸೈಕಲ್‌ಗೆ ಹೋದಾಗ ಅಂಗಾಲನ್ನು ವೈದ್ಯರಿಗೂ ತೋರಿಸುವುದಿಲ್ಲ. ಕೆಲವು ದಿನ ಮಾತ್ರೆ ನಿಲ್ಲಿಸಿ, ಡೋಸ್ ಇಳಿಸಿದ್ದರೆ ತಗ್ಗಬಹುದಾಗಿದ್ದ ಉರಿ, ಬಚ್ಚಲಿಗೂ ನಡೆದು ಹೋಗಲಾಗದಷ್ಟು ಏರುತ್ತದೆ.