ಕರ್ತವ್ಯಕ್ಕೆ ಮುಹೂರ್ತವುಂಟೇ?

ದೇಶಸೇವೆಯನ್ನು ಮಾಡಬಯಸುವ ತರುಣನು ಆ ಸೇವೆಯ ಕಾಲವನ್ನು ತನ್ನ ಅನುಕೂಲಕ್ಕೆ ತಕ್ಕಂತೆ ಗೊತ್ತುಮಾಡಿಕೊಳ್ಳಬಹುದೇ? ಹಾಗೆ ಮಾಡಿದರೆ ಅದು ಸೇವೆಯೆನಿಸುವದೋ, ಬರಿಯ ಲೆಕ್ಕಾಚಾರವೆನಿಸುವದೋ? ಪ್ರಶ್ನೆಯು ಹಳೆಯದು. ಆದರೆ ವೈದ್ಯನಾಗಲು ಹೊರಟವನು ಸೈನ್ಯದ ಮೀಸಲು ಸೇವೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಾಗ ಅದು ಅತ್ಯಂತ ತೀಕ್ಷ್ಣವಾಗುವದು.

1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾದಂದಿನಿಂದ ಈ ಭಾಗದ ಎಷ್ಟೋ ಮನೆಗಳಲ್ಲಿ ಮಕ್ಕಳು ಡಾಕ್ಟರರಾಗಬೇಕೆಂಬ ಆಸೆಯು ಬೇರೂರಿದೆ. ಆ ಹಾದಿಯಾದರೋ ದೀರ್ಘವಾದದ್ದು. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷಗಳ ಓದು, ಅದರ ಮೇಲೆ 1 ವರ್ಷ ಆಸ್ಪತ್ರೆಯಲ್ಲಿ ದುಡಿದು ಕಲಿಯುವದು, ಮೇಲಿನ ಪದವಿ ಬೇಕಾದರೆ ಮತ್ತೆ 3 ವರ್ಷ. ಹದಿನೆಂಟರಲ್ಲಿ ತೊಡಗಿದವನು ಎಲ್ಲಿಯೂ ತಡೆಯದೆ ನಡೆದರೂ ಇಪ್ಪತ್ತಾರನ್ನು ದಾಟಿರುವನು. ಅಷ್ಟರಲ್ಲಿ ತಂದೆಯು ಹೊಲವನ್ನು ಒತ್ತೆಯಿಟ್ಟಿರಬಹುದು; ತಂಗಿಯ ಮದುವೆಯು ಮುಂದೆ ಬಿದ್ದಿರಬಹುದು.

ಇನ್ನೊಂದು ಕಡೆಗೆ ಸೈನ್ಯದ ಬಾಗಿಲುಗಳು. ಸೈನ್ಯದ ವೈದ್ಯ ವಿಭಾಗದಲ್ಲಿ ಅಲ್ಪಾವಧಿಯ ಅಧಿಕಾರಿಯಾಗಿ ಸೇರುವವನು ಮೊದಲು 5 ವರ್ಷಗಳನ್ನು ಸಂಪೂರ್ಣವಾಗಿ ಒಪ್ಪಿಸಬೇಕು. ಪ್ರಾದೇಶಿಕ ಸೈನ್ಯದ ರೀತಿಯೇ ಬೇರೆ. 1948ರ ಕಾನೂನಿನಿಂದ ಹುಟ್ಟಿ, 1949ರ ಅಕ್ಟೋಬರ 9ರಂದು ರಾಜಗೋಪಾಲಾಚಾರ್ಯರಿಂದ ಉದ್ಘಾಟನೆಗೊಂಡ ಈ ಸೈನ್ಯವು ಸ್ವಂತ ಉದ್ಯೋಗವುಳ್ಳವರಿಗಾಗಿ ಇರುವದು. 18ರಿಂದ 42 ವಯಸ್ಸಿನವರೆಗೆ ಸೇರಬಹುದು. ವರ್ಷದಲ್ಲಿ ಕೆಲವು ವಾರ ಶಿಕ್ಷಣ ಪಡೆದು ಉಳಿದ ಕಾಲ ತನ್ನ ಕಸುಬನ್ನು ನಡೆಸಬಹುದು. ಆದರೆ ಕರೆ ಬಂದಾಗ ಹೊರಡಲೇಬೇಕು. 1962, 1965 ಮತ್ತು 1971ರ ಯುದ್ಧಗಳಲ್ಲಿ ಇಂಥ ಕರೆಗಳು ಬಂದವು.

ಇಲ್ಲಿ ಕಟುವಾದಿಗಳು, "ಅನುಕೂಲವನ್ನು ಕಾಯುವ ಕರ್ತವ್ಯವು ಕರ್ತವ್ಯವೇ ಅಲ್ಲ, ಓದು ಮುಗಿಯಲಿ, ಸಾಲ ತೀರಲಿ, ದವಾಖಾನೆ ನಿಲ್ಲಲಿ ಎಂದು ಮುಂದೂಡುವವನು ಕೊನೆಗೆ ಮುಪ್ಪನ್ನೇ ಸೇರುವನು" ಎನ್ನುವರು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದು ಪೂರ್ಣಸತ್ಯವಲ್ಲ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದೆಂಬ ಗಾದೆಯು ಯೋಧನ ಕತ್ತಿಗೆ ಹೇಗೋ ವೈದ್ಯನ ಶಸ್ತ್ರಕ್ಕೂ ಹಾಗೆಯೇ ಅನ್ವಯಿಸುವದು. ಅರೆಕಲಿತ ಕೈಯಿಂದ ಗಾಯಾಳುವಿಗೆ ಉಪಕಾರವಾಗದು. ಆದಕಾರಣ ಕಲಿಕೆಗಾಗಿ ಕಾಯುವದು ಮುಂದೆ ಆ ಕೈಗೆ ಒಪ್ಪಿಸಲ್ಪಡುವ ರೋಗಿಯ ಹಕ್ಕನ್ನು ಮನ್ನಿಸಿದಂತೆಯೇ ಆಗುವದು.

ಈ ನಾಡಿನ ಸಮೀಪದ ಎರಡು ಜೀವನಗಳು ಇಲ್ಲಿ ನೆನಪಿಗೆ ಬರುವವು. ಇಬ್ಬರೂ ಮೀಸಲು ಸೈನಿಕರಲ್ಲ. ಆದರೂ ಇಬ್ಬರ ಮುಂದೆಯೂ ಇದೇ ಪ್ರಶ್ನೆಯಿದ್ದಿತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ವೈದ್ಯವಿದ್ಯೆಯನ್ನು ಕಲಿತು, ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸಮಾಡಿ, 1921ರಲ್ಲಿ ತಿರುಗಿಬಂದರು. 1923ರಲ್ಲಿ ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಸೆರೆಮನೆಯನ್ನು ಕಂಡರು. ಅದೇ ವರ್ಷ ಹಿಂದುಸ್ತಾನಿ ಸೇವಾದಲವನ್ನು ಕಟ್ಟಿದರು. ಇವರು ಕಲಿಕೆಯನ್ನು ಮುಗಿಸಿ ಸೇವೆಗೆ ಇಳಿದವರು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರ ಕ್ರಮವು ಇದಕ್ಕೆ ವಿರುದ್ಧವಾದದ್ದು. ಮುಂಬಯಿಯಲ್ಲಿ ಪದವಿ ಪಡೆದು ಉಚ್ಚ ವ್ಯಾಸಂಗದ ಸಿದ್ಧತೆಯಲ್ಲಿದ್ದ ಅವರು ಅದನ್ನು ಬದಿಗಿಟ್ಟು, 1938ರಲ್ಲಿ ಐವರು ವೈದ್ಯರ ತಂಡದೊಡನೆ ಯುದ್ಧಪೀಡಿತ ಚೀನಕ್ಕೆ ಹೊರಟರು. ಗಾಯಾಳುಗಳ ಶುಶ್ರೂಷೆಯಲ್ಲಿಯೇ ನಿರತರಾಗಿ 1942ರ ಡಿಸೆಂಬರ 9ರಂದು, 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಬದಿಗಿಟ್ಟ ವ್ಯಾಸಂಗವು ಬದಿಯಲ್ಲಿಯೇ ಉಳಿಯಿತು.

ಇಬ್ಬರಲ್ಲಿ ಯಾರು ಸರಿಯೆಂದು ಕೇಳುವದು ವ್ಯರ್ಥ. ಮೊದಲು ವಿದ್ಯೆಯೋ ಮೊದಲು ಸೇವೆಯೋ ಎಂಬುದಕ್ಕೆ ಒಂದೇ ನಿಯಮವಿಲ್ಲವೆಂಬುದನ್ನು ಈ ಜೀವನಗಳು ತೋರಿಸುವವು. ಆದರೆ ನಿಯಮವಿಲ್ಲದಿದ್ದರೂ ಒರೆಗಲ್ಲು ಇದೆ. ಮುಂದೂಡುವಿಕೆಗೆ ಒಂದು ಗಡುವು ಇದೆಯೇ? ಕಾಯುವದರಿಂದ ಹೆಚ್ಚುವದು ಸೇವೆಯ ಯೋಗ್ಯತೆಯೋ, ಬರಿಯ ಗಳಿಕೆಯೋ? ಗಡುವಿಲ್ಲದ ಸಂಕಲ್ಪವು ಮನಸ್ಸನ್ನು ಸಮಾಧಾನಪಡಿಸುವ ನೆವವಷ್ಟೇ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮೀಸಲು ಸೇವೆಯಲ್ಲಿ ಎರಡು ಕಾಲಗಳುಂಟು: ಒಂದು ಸೇರುವ ಕಾಲ, ಇನ್ನೊಂದು ಕರೆಯ ಕಾಲ. ಮೊದಲನೆಯದನ್ನು ತರುಣನು ಆರಿಸಿಕೊಳ್ಳಬಹುದು, ಎರಡನೆಯದನ್ನು ಆರಿಸಲಾರನು. ಸಹಿ ಮಾಡಿದಂದೇ ಆ ಅಧಿಕಾರವನ್ನು ಅವನು ಬಿಟ್ಟುಕೊಟ್ಟಿರುವನು. ಕರೆಯು ದವಾಖಾನೆಯ ಬಾಗಿಲು ತೆರೆದ ವರ್ಷದಲ್ಲಿಯೇ ಬರಬಹುದು, ಇಲ್ಲವೆ ಮನೆಯಲ್ಲಿ ಕೂಸು ಹುಟ್ಟಿದ ತಿಂಗಳಲ್ಲಿಯೇ ಬರಬಹುದು. ನೌಕರಿಯಲ್ಲಿದ್ದವನಿಗೆ ಹಿಂದಿನ ಸ್ಥಾನವು ತಿರುಗಿ ದೊರೆಯಬೇಕೆಂದು ಕಾನೂನು ಹೇಳುವದು ನಿಜ. ಆದರೆ ಸ್ವಂತ ದವಾಖಾನೆಯವನ ರೋಗಿಗಳು ಬೇರೆ ವೈದ್ಯನ ಕಡೆಗೆ ಹೋದರೆ ಅವರನ್ನು ಯಾವ ಕಾನೂನೂ ಕರೆತರಲಾರದು. ಆದುದರಿಂದ ಸೇರುವ ಮುಹೂರ್ತವನ್ನು ಎಷ್ಟು ಜಾಣತನದಿಂದ ಆರಿಸಿದರೂ ನಷ್ಟದಿಂದ ಪೂರ್ತಿ ಪಾರಾಗುವ ಹಾದಿಯಿಲ್ಲ. ಅಂಥ ಹಾದಿಯನ್ನೇ ಹುಡುಕುವವನು ಸೇರದಿರುವದೇ ಪ್ರಾಮಾಣಿಕತನ.

ಈ ನಷ್ಟವಾದರೂ ಒಬ್ಬನದೇ ಅಲ್ಲ. ಅದರ ಪಾಲು ಹೆಂಡತಿಗೂ, ಸಾಲ ಮಾಡಿ ಓದಿಸಿದ ತಂದೆತಾಯಿಗಳಿಗೂ, ನೆಚ್ಚಿದ ರೋಗಿಗಳಿಗೂ ಬರುವದು. ಆದಕಾರಣ ಮಗನಾಗಲಿ ಮಗಳಾಗಲಿ ಇಂಥ ಸಂಕಲ್ಪವನ್ನು ತಾಳಿದಾಗ ಅದನ್ನು ಮನೆಯವರ ಮುಂದಿಟ್ಟು, ಬರಬಹುದಾದ ಕಷ್ಟವನ್ನು ಮುಚ್ಚಿಡದೆ ಹೇಳಿ, ಅವರ ಒಪ್ಪಿಗೆಯನ್ನು ಪಡೆಯುವದು ಯೋಗ್ಯವಾದದ್ದು. ಮನೆಯವರಾದರೂ ಕೇವಲ ಗಳಿಕೆಯ ತಕ್ಕಡಿಯಲ್ಲಿ ಆ ಸಂಕಲ್ಪವನ್ನು ತೂಗದೆ, ಗಡುವನ್ನು ಕೇಳಲಿ. ಗಡುವು ದೊರೆತ ಬಳಿಕ ಆ ದಿನ ಬಂದಾಗ ಅಡ್ಡ ನಿಲ್ಲದಿರಲಿ.