ತನ್ನದಲ್ಲದ ವಿಕೆಟ್ಟು

ದೊಡ್ಡ ಆಟಗಾರನೊಬ್ಬ ಆಟ ಬಿಟ್ಟ ಮೇಲೆ ಉಳಿಯುವುದೇನು? ರನ್ನುಗಳ ಲೆಕ್ಕ ಉಳಿಯುತ್ತದೆ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಲೆಕ್ಕದಷ್ಟು ಬೇಗ ಹಳತಾಗುವ ವಸ್ತು ಇನ್ನೊಂದಿಲ್ಲ. ಗುಂಡಪ್ಪ ವಿಶ್ವನಾಥರು 91 ಟೆಸ್ಟುಗಳಲ್ಲಿ 6080 ರನ್ನು ಗಳಿಸಿದರು. ನಮ್ಮವರೇ ಆದ ರಾಹುಲ್ ದ್ರಾವಿಡರು ಅದರ ಎರಡರಷ್ಟನ್ನೂ ದಾಟಿ 13288ಕ್ಕೆ ನಿಂತರು. ಹೊಡೆತದ ಸೊಬಗು ಉಳಿಯುತ್ತದೆ ಎನ್ನೋಣವೆ? ವಿಶ್ವನಾಥರ ಸ್ಕ್ವೇರ್ ಕಟ್ಟನ್ನು ಕಣ್ಣಾರೆ ಕಂಡ ಹಿರಿಯರು ಇಂದಿಗೂ ಅದನ್ನು ಕೈಯಾಡಿಸಿ ತೋರಿಸುತ್ತಾರೆ. ಕೈ ಆಡುತ್ತದೆ, ಹೊಡೆತ ಕಾಣುವುದಿಲ್ಲ. ಇಪ್ಪತ್ತು ಓವರುಗಳ ಇಂದಿನ ಆಟ ಬೇಡುವ ಹೊಡೆತಗಳೇ ಬೇರೆ. ಹಾಗಾದರೆ ಆ ಹಿರಿಯರಿಂದ ಇಂದಿನ ಆಟಕ್ಕೆ ಬಂದದ್ದು ಏನೂ ಇಲ್ಲವೆ? ಉಂಟು ಎಂದು ನನ್ನ ನಂಬಿಕೆ. ಅದನ್ನು ತೋರಿಸಲು ವಿಶ್ವನಾಥರು ಗೆಲ್ಲಿಸಿಕೊಟ್ಟ ಪಂದ್ಯಗಳಿಗಿಂತ ಸೋತ ಪಂದ್ಯವೊಂದು ಹೆಚ್ಚು ನೆರವಾದೀತು.

1980ರ ಫೆಬ್ರವರಿ. ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನೊಡನೆ ಟೆಸ್ಟು. ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥರು ಭಾರತದ ನಾಯಕರು. ನಮ್ಮವರ 242ಕ್ಕೆ ಎದುರಾಗಿ ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ಟು ಕಳೆದುಕೊಂಡು ಕುಸಿದಿತ್ತು. ಆಗ ಇಯಾನ್ ಬೋಥಮರ ಜೊತೆಗೂಡಿದವರು ಬಾಬ್ ಟೇಲರ್. ಕಪಿಲ್ ದೇವರ ಚೆಂಡೊಂದು ಟೇಲರರನ್ನು ದಾಟಿ ವಿಕೆಟ್ ಕೀಪರರ ಕೈಸೇರಿತು. ನಮ್ಮವರು ಕೂಗಿದರು, ಅಂಪೈರು ಬೆರಳೆತ್ತಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಲಿಲ್ಲವೆಂದು ತಿಳಿದಿತ್ತು. ಅವರು ಅಂಪೈರರ ಬಳಿಗೆ ನಡೆದು ತೀರ್ಪನ್ನು ಹಿಂದೆಗೆಯುವಂತೆ ಕೇಳಿಕೊಂಡರು; ಟೇಲರರನ್ನು ಮರಳಿ ಕರೆದರು. ಆ ಜೋಡಿ 171 ರನ್ನು ಸೇರಿಸಿತು. ಭಾರತ 10 ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥರು ದೇಶದ ನಾಯಕರಾಗಿ ಆಡಿದ್ದು ಎರಡೇ ಟೆಸ್ಟು; ಇದು ಎರಡನೆಯದು, ಕೊನೆಯದು.

ನಾನು ಆ ಪಂದ್ಯವನ್ನು ಕಂಡವನಲ್ಲ, ಕೇಳಿ ಬಲ್ಲವನು. ರಾಜಾಜಿನಗರದ ಕಡೆಯ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಈ ಮಾತು ಬಂದಾಗಲೆಲ್ಲ ಮೆಚ್ಚಿಕೆಯ ತಲೆದೂಗುವಿಕೆ ನಡೆಯುತ್ತದೆ. ಒಮ್ಮೆ ಮಾತ್ರ ಅರ್ಥಶಾಸ್ತ್ರದ ಮೇಷ್ಟ್ರು ತಲೆದೂಗಲಿಲ್ಲ.

“ಅಲ್ಲ ಸ್ವಾಮಿ, ನಿಮ್ಮ ವಿಶಿ ಮಹಾ ಸಂಭಾವಿತರು, ಒಪ್ಪಿದೆ. ಆದರೆ ಆ ವಿಕೆಟ್ಟು ಅವರೊಬ್ಬರದೆ? ಹನ್ನೊಂದು ಜನ ಬಿಸಿಲಲ್ಲಿ ಬೆವರು ಸುರಿಸಿದ್ದರು. ಊರ ದೇವಸ್ಥಾನದ ಹುಂಡಿಯಿಂದ ತೆಗೆದು ದಾನ ಮಾಡಿದರೆ ದಾನಿ ಅನ್ನಿಸಿಕೊಳ್ಳಬಹುದೆ?”

ಈ ಆಕ್ಷೇಪವನ್ನು ನಕ್ಕು ತಳ್ಳುವಂತಿಲ್ಲ. ತನ್ನ ಗಂಟನ್ನು ಬಿಟ್ಟುಕೊಡುವುದು ತ್ಯಾಗ. ಪರರ ಗಂಟನ್ನು ಬಿಟ್ಟುಕೊಡುವುದು ಅಧಿಕಾರದ ದುರುಪಯೋಗ. ಮನೆಯ ಯಜಮಾನ ಹೆಂಡತಿಮಕ್ಕಳ ಅನ್ನವನ್ನು ಹಂಚಿ ಉದಾರಿಯೆನಿಸಿಕೊಂಡ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಹೆಂಡತಿಮಕ್ಕಳನ್ನು ಕೇಳಿದವರು ಕಡಿಮೆ. ವಿಶ್ವನಾಥರು ಮಾಡಿದ್ದು ದಾನವೇ ಆಗಿದ್ದರೆ ನನ್ನ ಮಿತ್ರರ ವಾದಕ್ಕೆ ಉತ್ತರವಿಲ್ಲ.

ಆದರೆ ಅದು ದಾನವೆ? ದಾನ ಕೊಡಬೇಕಾದರೆ ವಸ್ತು ಮೊದಲು ನಮ್ಮದಾಗಿರಬೇಕು. ಚೆಂಡು ಬ್ಯಾಟಿಗೆ ತಾಗಿರಲಿಲ್ಲ. ಎಂದಮೇಲೆ ಆ ವಿಕೆಟ್ಟು ವಿಶ್ವನಾಥರದಲ್ಲ, ಹನ್ನೊಂದು ಜನರದೂ ಅಲ್ಲ. ಅಂಪೈರರ ಬೆರಳು ದಾರಿತಪ್ಪಿ ನಮ್ಮ ಮನೆಗೆ ತಂದಿಟ್ಟ ಪರರ ಗಂಟು ಅದು. ಅದನ್ನು ಹಿಂದಿರುಗಿಸಿದವನು ಉದಾರಿಯಲ್ಲ, ಪ್ರಾಮಾಣಿಕ. ಕೂಗನ್ನು ಹಿಂದೆಗೆದುಕೊಳ್ಳಲು ಅಂಪೈರರ ಒಪ್ಪಿಗೆಯ ಮೇಲೆ ಆಟದ ನಿಯಮವೇ ನಾಯಕನಿಗೆ ಅವಕಾಶ ಕೊಟ್ಟಿದೆ. ಆ ಅವಕಾಶವನ್ನು ಬಳಸುವ ಮನಸ್ಸನ್ನು ಮಾತ್ರ ಯಾವ ನಿಯಮವೂ ಕೊಡಲಾರದು. ನಾವು ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು. ಅಂಕ ಕೂಡಿಸುವಾಗ ಐದು ಕಡಿಮೆಯಾದರೆ ಮರುಎಣಿಕೆಗೆ ಅರ್ಜಿ ಬರುತ್ತದೆ. ಐದು ಹೆಚ್ಚಾದರೆ ಅರ್ಜಿಯ ನಮೂನೆಯೇ ಇಲ್ಲ.

ಈಗ ಆಟದಲ್ಲಿ ಯಂತ್ರ ಬಂದಿದೆ. 2008ರಲ್ಲಿ ಶ್ರೀಲಂಕೆಯಲ್ಲಿ ಭಾರತ ಆಡಿದ ಟೆಸ್ಟುಗಳಲ್ಲೇ ತೀರ್ಪಿನ ಮರುಪರಿಶೀಲನೆಯನ್ನು ಪರೀಕ್ಷೆಗೆ ಇಟ್ಟರು. ಇಂದಾಗಿದ್ದರೆ ಟೇಲರ್ ಕೈಗಳೆರಡನ್ನು ಅಡ್ಡಹಿಡಿದು ಮನವಿ ಸಲ್ಲಿಸುತ್ತಿದ್ದರು, ವಿಶ್ವನಾಥರು ಸುಮ್ಮನೆ ನಿಂತಿದ್ದರೂ ನ್ಯಾಯ ಸಿಗುತ್ತಿತ್ತು. ಅದು ಒಳ್ಳೆಯದೇ. 2011ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ದ್ರಾವಿಡರು ಆಡುತ್ತಿದ್ದಾಗ ಚೆಂಡು ಹಾದ ಗಳಿಗೆಯಲ್ಲೇ ಸದ್ದೊಂದಾಯಿತು; ಅಂಪೈರು ಔಟೆಂದರು. ಯಂತ್ರವನ್ನು ಕೇಳಬಹುದಾಗಿತ್ತು. ಸದ್ದು ತನ್ನ ಬ್ಯಾಟಿನದೇ ಎಂದು ನಂಬಿದ ದ್ರಾವಿಡರು ಕೇಳದೆ ನಡೆದರು. ಅದು ಬ್ಯಾಟು ಶೂ ಲೇಸಿನ ತುದಿಗೆ ತಾಗಿದ ಸದ್ದೆಂದು ಆಮೇಲೆ ತಿಳಿಯಿತು. ಯಂತ್ರವನ್ನು ಕೇಳಿದ್ದರೆ ಉಳಿಯುತ್ತಿದ್ದರು. ಆದರೂ ತನಗೇ ನಷ್ಟವಾಗುವ ಸಾಕ್ಷ್ಯವನ್ನು ತನ್ನ ಕಿವಿಯೇ ನುಡಿದಾಗ ಅದನ್ನು ಮುಚ್ಚಿಡದವನನ್ನು ನಾವು ಮೂರ್ಖನೆನ್ನುವುದಿಲ್ಲ.

ಯಂತ್ರದಿಂದ ತೀರ್ಪುಗಳು ತಿದ್ದಿಕೊಂಡಿವೆ. ಜೊತೆಗೆ ಇನ್ನೊಂದು ಅಭ್ಯಾಸವೂ ಬೆಳೆದಿದೆ. ಬ್ಯಾಟಿಗೆ ತಾಗಿದ್ದು ತನಗೆ ಗೊತ್ತಿದ್ದರೂ ಆಟಗಾರ ಪರದೆಯತ್ತ ನೋಡುತ್ತಾ ನಿಲ್ಲುತ್ತಾನೆ. ತನಗೆ ತಿಳಿದ ನಿಜವನ್ನು ಹೇಳುವುದು ತನ್ನ ಕೆಲಸವಲ್ಲ, ಕಂಡುಹಿಡಿಯುವುದು ಯಂತ್ರದ ಕೆಲಸ ಎಂಬ ಭಾವನೆ. ಮೈದಾನದಲ್ಲಿ ಇದರಿಂದ ದೊಡ್ಡ ಕೇಡಿಲ್ಲದಿರಬಹುದು. ಮೈದಾನದ ಹೊರಗೆ ಮೂರನೆಯ ಅಂಪೈರು ಇಲ್ಲವಲ್ಲ!

ಮೈದಾನದ ಹೊರಗೆ ನಡೆದ ಒಂದು ಸಂಗತಿ ನಮ್ಮ ಪಶ್ಚಿಮ ಬೆಂಗಳೂರಿಗೇ ಸೇರಿದ್ದು. ಕೆಂಗೇರಿಗೆ ಹೋಗುವ ಹಾದಿಯ ಪಕ್ಕಕ್ಕೆ ಹಬ್ಬಿರುವ ಜ್ಞಾನಭಾರತಿಯಿಂದ, ಅಂದರೆ ಬೆಂಗಳೂರು ವಿಶ್ವವಿದ್ಯಾಲಯದಿಂದ, 2017ರ ಜನವರಿಯಲ್ಲಿ ದ್ರಾವಿಡರಿಗೆ ಗೌರವ ಡಾಕ್ಟರೇಟು ಸಲ್ಲಬೇಕಿತ್ತು. ಅವರು ವಿನಯದಿಂದ ಬೇಡವೆಂದರು. ಕ್ರೀಡೆಯ ವಿಷಯದಲ್ಲೇ ಸಂಶೋಧನೆ ಮಾಡಿ ಆ ಪದವಿಯನ್ನು ಗಳಿಸಿಕೊಳ್ಳುವ ಆಸೆ ತಮಗೆ ಎಂದು ತಿಳಿಸಿದರು. ಮರುವರ್ಷ ಅವರು ತರಬೇತುಗೊಳಿಸಿದ ಹತ್ತೊಂಬತ್ತರೊಳಗಿನ ಹುಡುಗರು ವಿಶ್ವಕಪ್ಪು ಗೆದ್ದಾಗ ಮಂಡಳಿ ಅವರಿಗೆ 50 ಲಕ್ಷ, ಜೊತೆಯ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಎಲ್ಲರಿಗೂ ಸಮನಾಗಿರಲಿ ಎಂದರು ದ್ರಾವಿಡರು. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. ವಾಂಖೆಡೆಯ ವಿಕೆಟ್ಟು, ಜ್ಞಾನಭಾರತಿಯ ಪದವಿ, ಈ ಹಣ ಇವು ಮೂರೂ ಒಂದೇ ಪಾಠದ ಮೂರು ಪುಟಗಳೆಂದು ನನಗೆ ತೋರುತ್ತದೆ: ಕೈಗೆ ಬಂದದ್ದೆಲ್ಲ ತನ್ನದಲ್ಲ. ಇದನ್ನು ಬ್ಯಾಟಿನಂತೆ ಕೈಯಿಂದ ಕೈಗೆ ದಾಟಿಸಲಾಗದು. ಕಂಡವರು ಮಾಡಿಯೇ ಕಲಿಯಬೇಕು.

ಸಂಜೆ ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಹುಡುಗರು ಮೂರು ಇಟ್ಟಿಗೆಯನ್ನು ವಿಕೆಟ್ಟು ಮಾಡಿ ಆಡುತ್ತಾರೆ. ಬಡಾವಣೆಗೆ ಹೆಸರಾದ ಅಣ್ಣನ ನೀತಿಪಟ್ಟಿಯಲ್ಲಿ ಮೊಟ್ಟಮೊದಲು ಬರುವುದೇ ಕದಿಯಬಾರದೆಂಬ ಮಾತು. ಹುಡುಗರಿಗೆ ಅದು ನೆನಪಿರುತ್ತದೆಂದು ನಾನು ಹೇಳಲಾರೆ. ವಿಶ್ವನಾಥರ ಹೆಸರನ್ನು ಕೂಡ ಹಲವರು ಕೇಳಿರಲಾರರು. ಅಲ್ಲಿ ಯಂತ್ರವಿಲ್ಲ, ಅಂಪೈರಾಗಿ ನಿಲ್ಲುವವನು ಬ್ಯಾಟು ಹಿಡಿದ ಪಕ್ಷದ ಹುಡುಗನೇ. “ತಾಗ್ತೇನೋ?” ಎಂದು ಎಲ್ಲರೂ ಕೂಗಿ ಕೇಳುವಾಗ ನಿಜ ಗೊತ್ತಿರುವುದು ಬ್ಯಾಟು ಹಿಡಿದವನೊಬ್ಬನಿಗೆ. ಒಮ್ಮೊಮ್ಮೆ ಒಬ್ಬ ಹುಡುಗ ಏನೂ ಹೇಳದೆ ಬ್ಯಾಟನ್ನು ಮುಂದಿನವನ ಕೈಗೆ ಕೊಟ್ಟು ಪಕ್ಕದ ಕಟ್ಟೆಯ ಮೇಲೆ ಹೋಗಿ ಕೂರುತ್ತಾನೆ.